ಹೋಟೆಲ್ ಅಡುಗೆಮನೆಗೆ ಹಾಸನದ ಆಲೂಗೆಡ್ಡೆ ನೇರವಾಗಿ ಹೋಗಲಿ

ಮಾನ್ಯ ಸಂಪಾದಕರೇ,

ಮುಂಗಾರಿನ ಆಲೂಗೆಡ್ಡೆ ಕೀಳುವ ಹೊತ್ತಿಗೆ ಹಾಸನದಿಂದ ಎರಡೇ ಸುದ್ದಿ ಬರುತ್ತವೆ. ಒಂದೋ ಬೆಳೆಗೆ ಅಂಗಮಾರಿ ರೋಗ ಬಂತು, ಇಲ್ಲವೇ ಬೆಲೆ ಬಿತ್ತು. ಬೆಲೆಯ ಮಾತು ಬಂದ ಕೂಡಲೇ ಚಿಪ್ಸ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳಿ ಎಂಬ ಸಲಹೆ ಸಿಗುತ್ತದೆ. ಕೆಲವರಿಗೆ ಅದು ಸರಿಯಾದ ದಾರಿಯೇ. ಆದರೆ ಸುಮಾರು 180 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ದಿನವೂ ಬೆಳಗಿನ ಜಾವ ಆಲೂಗೆಡ್ಡೆ ಬೇಯಿಸುವ ಸಾವಿರಾರು ಅಡುಗೆಮನೆಗಳಿವೆ. ಮಸಾಲೆ ದೋಸೆಯ ಪಲ್ಯ, ಪೂರಿ ಸಾಗು, ಬೋಂಡ ಯಾವ ದರ್ಶಿನಿಯಲ್ಲಿ ಇಲ್ಲ ಹೇಳಿ? ಈ ಗಿರಾಕಿಗಳನ್ನು ನಾವು ಬೆಳೆಗಾರರು ಇನ್ನೂ ಸರಿಯಾಗಿ ಮಾತನಾಡಿಸಿಯೇ ಇಲ್ಲ. ಅದಕ್ಕೇ ಈ ಪತ್ರ.

ನಮಗಿರುವ ದೊಡ್ಡ ಅನುಕೂಲ ಬೆಳೆ ಬರುವ ಸಮಯ. ಉತ್ತರ ಪ್ರದೇಶದ ಕಡೆ ಹೆಚ್ಚಿನ ಗೆಡ್ಡೆ ಕೀಳುವುದು ಜನವರಿಯಿಂದ ಮಾರ್ಚ್ ಒಳಗೆ. ಆಮೇಲೆ ಅದು ಕೋಲ್ಡ್ ಸ್ಟೋರೇಜ್ ಸೇರುತ್ತದೆ. ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬರುವ ಆಗ್ರಾ ಗೆಡ್ಡೆಗೆ ಆಗಲೇ ಐದಾರು ತಿಂಗಳಾಗಿರುತ್ತದೆ. 2ರಿಂದ 4 ಡಿಗ್ರಿ ಚಳಿಯಲ್ಲಿ ಅಷ್ಟು ದಿನ ಇಟ್ಟರೆ ಗೆಡ್ಡೆಯ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗುತ್ತದೆ. ಪಲ್ಯ ಸಿಹಿಯಾಗುತ್ತದೆ, ಎಣ್ಣೆಗೆ ಬಿಟ್ಟರೆ ಬೇಗ ಕಪ್ಪಾಗುತ್ತದೆ. ಅಡುಗೆಯವರು ಇದನ್ನು ಚೆನ್ನಾಗಿ ಬಲ್ಲರು. ಮೇ, ಜೂನ್‌ನಲ್ಲಿ ನಾಟಿ ಮಾಡಿದ ನಮ್ಮ ಗೆಡ್ಡೆ ಹೊಲದಿಂದ ಏಳುವುದೂ ಆಗಸ್ಟ್, ಸೆಪ್ಟೆಂಬರ್‌ನಲ್ಲೇ. ಆಷಾಢ ಕಳೆದು ಶ್ರಾವಣದ ಮದುವೆಗಳು ಶುರುವಾಗುವ, ಗೌರಿ ಗಣೇಶ ಹಬ್ಬ ಬರುವ ಕಾಲ ಅದು. ಆಗ ರಾತ್ರಿ ಲಾರಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ಹೊಸ ಗೆಡ್ಡೆ ಸಿಗುತ್ತದೆ. ಈ ಎರಡು ತಿಂಗಳನ್ನು ನಾವು ಸುಮ್ನೆ ಮಂಡಿಗೆ ಬಿಟ್ಟುಕೊಟ್ಟಿದ್ದೇವೆ.

ಹಾಗಂತ ಹೊಲದಿಂದ ಕಿತ್ತ ಗೆಡ್ಡೆಯನ್ನು ಹಾಗೇ ಚೀಲಕ್ಕೆ ತುಂಬಿ ಕಳಿಸಿದರೆ ಹೋಟೆಲಿನವರು ಒಪ್ಪುವುದಿಲ್ಲ. ಅವರ ತಕರಾರಿನಲ್ಲಿ ನ್ಯಾಯವಿದೆ. ಪಲ್ಯಕ್ಕೆ ಗೆಡ್ಡೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸುತ್ತಾರೆ. ದಪ್ಪದ್ದು, ಸಣ್ಣದ್ದು ಒಂದೇ ಪಾತ್ರೆಗೆ ಬಿದ್ದರೆ ಸಣ್ಣದು ಒಡೆದು ನೀರಾಗುತ್ತದೆ, ದಪ್ಪದ್ದು ನಡುವೆ ಹಸಿಯಾಗಿಯೇ ಇರುತ್ತದೆ. ದೊಡ್ಡ ಅಡುಗೆಮನೆಗಳಲ್ಲಿ ಸಿಪ್ಪೆ ತೆಗೆಯುವ ಯಂತ್ರಗಳಿವೆ. ಅವುಗಳಿಗೂ ಒಂದೇ ಸೈಜಿನ, ಗುಳಿ ಕಡಿಮೆ ಇರುವ ಗೆಡ್ಡೆ ಬೇಕು. ಬಿಸಿಲು ತಾಗಿ ಹಸಿರಾದದ್ದು ಕಹಿ, ಅದನ್ನು ಎಸೆಯಬೇಕು. ಮಂಡಿಯಲ್ಲಿ ಕವಡೆ ಬೆಲೆಗೆ ಹೋಗುವ ಗೋಲಿ ಗೆಡ್ಡೆಯನ್ನು ದಮ್ ಆಲೂ ಮಾಡುವವರು ಹುಡುಕಿಕೊಂಡು ಬರುತ್ತಾರೆ ಅನ್ನುವುದು ಎಷ್ಟು ರೈತರಿಗೆ ಗೊತ್ತು? ದಪ್ಪ, ಮಧ್ಯಮ, ಗೋಲಿ ಎಂದು ಮೂರು ಪಾಲು ಮಾಡಿದರೆ ಮೂರಕ್ಕೂ ಗಿರಾಕಿ ಇದ್ದಾರೆ.

ಇನ್ನೊಂದು ದೂರು ನಮ್ಮ ಅವಸರದ ಬಗ್ಗೆ. ಮಳೆಗೆ, ರೋಗಕ್ಕೆ ಹೆದರಿ ಅಥವಾ ಬೆಲೆ ಚೆನ್ನಾಗಿದೆ ಎಂದು ಬಲಿಯುವ ಮುಂಚೆಯೇ ಕೀಳುತ್ತೇವೆ. ಅಂಥ ಗೆಡ್ಡೆಯಲ್ಲಿ ನೀರು ಜಾಸ್ತಿ, ಪಲ್ಯ ಅಂಟಂಟಾಗುತ್ತದೆ. ಕೈಯಲ್ಲಿ ಉಜ್ಜಿದರೆ ಸಿಪ್ಪೆ ಏಳುತ್ತದೆ, ಚೀಲದಲ್ಲೇ ಕೊಳೆಯುತ್ತದೆ. ಬೆಳೆ ಬಲಿತ ಮೇಲೆ ಗಿಡವನ್ನು ಬುಡದ ಮಟ್ಟಕ್ಕೆ ಕೊಯ್ದು, 10ರಿಂದ 15 ದಿನ ಬಿಟ್ಟು ಆಮೇಲೆ ಕಿತ್ತರೆ ಸಿಪ್ಪೆ ಗಟ್ಟಿಯಾಗುತ್ತದೆ. ಎಲೆಯಲ್ಲಿರುವ ಅಂಗಮಾರಿ ಗೆಡ್ಡೆಗೆ ಇಳಿಯುವುದೂ ಕಡಿಮೆಯಾಗುತ್ತದೆ. ಕಿತ್ತದ್ದನ್ನು ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಆದರೆ ಮಳೆಗಾಲದಲ್ಲಿ ನೆರಳೆಲ್ಲಿದೆ, ಒಣ ಜಾಗವೆಲ್ಲಿದೆ? ಒಂದೆರಡು ಎಕರೆ ಇರುವ ರೈತ ತನ್ನದೇ ಶೆಡ್ ಕಟ್ಟಿಕೊಳ್ಳಲು ಆಗುವುದಿಲ್ಲ. ಸರ್ಕಾರ ಬಿತ್ತನೆ ಗೆಡ್ಡೆಗೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಇಲ್ಲಿಗೂ ಕೊಡಲಿ. ಹೋಬಳಿಗೊಂದು ಶೆಡ್, ಅದರಲ್ಲೊಂದು ಸೈಜು ವಿಂಗಡಿಸುವ ಯಂತ್ರ ಇದ್ದರೆ ನಮ್ಮ ಕೆಲಸ ಎಷ್ಟೋ ಹಗುರವಾಗುತ್ತದೆ.

ಫ್ರೆಂಚ್ ಫ್ರೈಸ್ ಮಾರುಕಟ್ಟೆ ಬೆಳೆಯುತ್ತಿದೆ, ಅದಕ್ಕೂ ಕೈ ಹಾಕಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫ್ರೈಸ್‌ಗೆ ಉದ್ದನೆಯ, ಹಿಟ್ಟಿನಂಶ ಜಾಸ್ತಿ ಇರುವ, ಸಕ್ಕರೆ ತೀರಾ ಕಡಿಮೆ ಇರುವ ಗೆಡ್ಡೆ ಬೇಕು. ಕುಫ್ರಿ ಫ್ರೈಸೋನಾದಂಥ ತಳಿ ಇರುವುದೇ ಅದಕ್ಕಾಗಿ. ಗುಜರಾತಿನಲ್ಲಿ ಒಣ ಚಳಿಗಾಲವಿದೆ, ನೀರಾವರಿ ಇದೆ, ಪಕ್ಕದಲ್ಲೇ ಕಾರ್ಖಾನೆಗಳಿವೆ. ಮಳೆ ನಂಬಿ ಕುಫ್ರಿ ಜ್ಯೋತಿ ಬೆಳೆಯುವ ನಾವು ಅವರ ಜೊತೆ ಅದರಲ್ಲಿ ಪೈಪೋಟಿಗೆ ನಿಲ್ಲುವುದು ಕಷ್ಟ. ಪಲ್ಯ, ಸಾಗುವಿಗೆ ನಮ್ಮ ಜ್ಯೋತಿಯೇ ಸಾಕು.

ನೇರ ಮಾರಾಟಕ್ಕೆ ನಿಜವಾದ ಅಡ್ಡಿ ಹಣದ್ದು. ಮಂಡಿಯಲ್ಲಿ ಬೆಲೆ ಕಡಿಮೆಯಾದರೂ ದುಡ್ಡು ಬೇಗ ಕೈಗೆ ಬರುತ್ತದೆ. ಹೋಟೆಲಿನವರು, ಕೇಟರಿಂಗ್‌ನವರು ಸಾಲ ಹೇಳುತ್ತಾರೆ. ನಮ್ಮ ಊರಿನ ಕೆಲವರು ಬೆಂಗಳೂರಿನ ಒಬ್ಬ ಅಡುಗೆ ಕಂಟ್ರಾಕ್ಟರ್‌ಗೆ ನೇರವಾಗಿ ಗೆಡ್ಡೆ ಕೊಟ್ಟು, ಬಾಕಿಗಾಗಿ ತಿಂಗಳುಗಟ್ಟಲೆ ಅಲೆದರು. ಮತ್ತೆ ಆ ಸಹವಾಸವೇ ಬೇಡ ಎನ್ನುತ್ತಾರೆ. ಅವರನ್ನು ಹೇಗೆ ತಪ್ಪು ಎನ್ನುವುದು? ಹೋಟೆಲಿನವರಿಗೂ ಅವರದೇ ಭಯವಿದೆ. ಅಂಗಮಾರಿ ಬಂದು ಒಂದು ವಾರ ಗೆಡ್ಡೆ ಬರದಿದ್ದರೆ ಅವರು ದೋಸೆ ನಿಲ್ಲಿಸಲು ಆಗುತ್ತದೆಯೇ? ಆದ್ದರಿಂದ ಇದು ಒಬ್ಬ ರೈತ, ಒಂದು ಹೋಟೆಲ್ ಕುಳಿತು ಬಗೆಹರಿಸುವ ವಿಷಯವಲ್ಲ. ನಡುವೆ ಒಂದು ಸಂಸ್ಥೆ ಬೇಕು.

1959ರಲ್ಲಿ ಶುರುವಾದ ಹಾಪ್‌ಕಾಮ್ಸ್ ರೈತರದೇ ಸಹಕಾರ ಸಂಘ. ಮಳಿಗೆಗಳ ಜೊತೆಗೆ ಹಾಸ್ಟೆಲ್, ಕ್ಯಾಂಟೀನ್‌ಗಳಿಗೆ ತರಕಾರಿ ಕೊಟ್ಟ ಅನುಭವವೂ ಅದಕ್ಕಿದೆ. ಹಾಸನದ ರೈತ ಉತ್ಪಾದಕ ಸಂಸ್ಥೆಗಳಿಂದ ವಿಂಗಡಿಸಿದ ಗೆಡ್ಡೆ ಕೊಂಡು, ರೈತನಿಗೆ ವಾರದೊಳಗೆ ಹಣ ಕೊಟ್ಟು, ಹೋಟೆಲಿನಿಂದ ವಸೂಲಿ ಮಾಡುವ ಹೊಣೆಯನ್ನು ಅದು ಹೊರಬಹುದು. ನಮ್ಮ ಬೆಳೆ ಮುಗಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಹಿಂಗಾರು ಬೆಳೆಗಾರರನ್ನೂ ಜೋಡಿಸಿಕೊಂಡರೆ ಹೋಟೆಲಿನವರ ಭಯ ಅರ್ಧ ಕಡಿಮೆಯಾಗುತ್ತದೆ.

ಜಲಂಧರ್‌ನಿಂದ ಬರುವ ಬಿತ್ತನೆ ಗೆಡ್ಡೆಯ ಮಾರಾಟ ಹಾಸನದ ಎಪಿಎಂಸಿಯಲ್ಲಿ ಶುರುವಾಗುವ ಮುಂಚೆ, ತೋಟಗಾರಿಕೆ ಇಲಾಖೆ ಒಂದು ಸಭೆ ಕರೆಯಲಿ. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘದವರು, ಅಡುಗೆ ಕಂಟ್ರಾಕ್ಟರ್‌ಗಳು, ಹಾಪ್‌ಕಾಮ್ಸ್‌ನವರು, ನಾವು ಬೆಳೆಗಾರರು ಎದುರುಬದುರು ಕೂರೋಣ. ಯಾವ ಸೈಜು, ದಿನಕ್ಕೆ ಎಷ್ಟು ಚೀಲ, ಹಣ ಎಷ್ಟು ದಿನಕ್ಕೆ ಎಂಬುದು ಏಪ್ರಿಲ್‌ನಲ್ಲೇ ಗೊತ್ತಾದರೆ, ಎಷ್ಟು ಎಕರೆಗೆ ಬಿತ್ತನೆ ಕೊಳ್ಳಬೇಕು ಎಂದು ನಾವು ಲೆಕ್ಕ ಹಾಕಿಕೊಳ್ಳುತ್ತೇವೆ.

ಇಂತಿ,
ಒಬ್ಬ ಆಲೂಗೆಡ್ಡೆ ಬೆಳೆಗಾರ,
ಹಾಸನ ತಾಲ್ಲೂಕು