ಪ್ರಬಂಧ ಶೋಧಗಂಗಾಕ್ಕೆ ಹೋಗುವ ಮುನ್ನ

ಈ ಸಲ ಪಿಎಚ್‌ಡಿ ಪ್ರಬಂಧ ಸಲ್ಲಿಸುವವರ ಗಮನಕ್ಕೆ. ಮೌಲ್ಯಮಾಪನ ಮುಗಿದು ಪದವಿ ಘೋಷಣೆಯಾಗುವ ಮೊದಲೇ ವಿಶ್ವವಿದ್ಯಾಲಯವು ಇ-ಪ್ರತಿಯನ್ನು ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ಗೆ ಕೊಡಬೇಕು. ಯುಜಿಸಿಯ 2022ರ ನಿಯಮವಿದು. ಆಮೇಲೆ ಅದು ಆ ಕೇಂದ್ರದ ಆನ್‌ಲೈನ್ ಪ್ರಬಂಧ ಭಂಡಾರವಾದ ಶೋಧಗಂಗಾಕ್ಕೆ ಸೇರುತ್ತದೆ, ಯಾರು ಬೇಕಾದರೂ ಓದಬಹುದು.

ಎಡವಟ್ಟಾಗುವುದು ಹೆಚ್ಚಾಗಿ ಅನುಬಂಧದಲ್ಲಿ. ಅಧ್ಯಾಯಗಳನ್ನು ಹತ್ತು ಸಲ ತಿದ್ದಿದವರೂ ಭರ್ತಿ ಮಾಡಿದ ಪ್ರಶ್ನಾವಳಿಯನ್ನು ಹಾಗೇ ಸ್ಕ್ಯಾನ್ ಮಾಡಿ ಸೇರಿಸಿಬಿಡುತ್ತಾರೆ. ವಕ್ತೃಗಳ (ಮಾಹಿತಿ ಕೊಟ್ಟವರ) ಹೆಸರು, ಜಾತಿ, ಮೊಬೈಲ್ ನಂಬರು ಎಲ್ಲ ಜಗಜ್ಜಾಹೀರು. ಖಾಲಿ ಪ್ರಶ್ನಾವಳಿ ಸಾಕು. ಹೆಸರಿನ ಬದಲು ‘ವ-1, ವ-2’ ಅಂತ ಕೊಡಿ. ಆದರೆ ಊರು ಹೇಳಿ ‘ಇಲ್ಲಿನ ಏಕೈಕ ಸೂಲಗಿತ್ತಿ’ ಅಂತ ಬರೆದರೆ ಹೆಸರು ಮುಚ್ಚಿಯೂ ಫಲವಿಲ್ಲ. (ವಕ್ತೃಗಳಾದ ಕಲಾವಿದರೇ ತಮ್ಮ ಹೆಸರು ಬರಲಿ ಅಂದರೆ ಧಾರಾಳವಾಗಿ ಹಾಕಿ, ಒಪ್ಪಿಗೆ ಬರಹದಲ್ಲಿರಲಿ.)

ಪಿಡಿಎಫ್ ಮೇಲೆ ಬರೀ ಕಪ್ಪು ಪಟ್ಟಿ ಎಳೆಯಬೇಡಿ. ಅಕ್ಷರ ಅಡಿಯಲ್ಲೇ ಇರುತ್ತದೆ, ಕಾಪಿ ಮಾಡಿದರೆ ಹೊರಬರುತ್ತದೆ. ಮೂಲ ವರ್ಡ್ ಫೈಲ್‌ನಲ್ಲೇ ಅಳಿಸಿ, ಹೊಸದಾಗಿ ಪಿಡಿಎಫ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾಗಿದ್ದರೆ ಯೂನಿಕೋಡ್‌ನಲ್ಲಿ ಹೆಸರು ಹುಡುಕಿದರೂ ಸಿಗುವುದಿಲ್ಲ. ‘ಸಿಗಲಿಲ್ಲ, ಹಾಗಾದರೆ ಇಲ್ಲ’ ಅಂದುಕೊಳ್ಳಬೇಡಿ. ಅಂಥದ್ದನ್ನೂ ಸ್ಕ್ಯಾನ್ ಪುಟಗಳನ್ನೂ ಕಣ್ಣಾರೆ ಓದಬೇಕು.

ಪೇಟೆಂಟ್ ಅರ್ಜಿ ಹಾಕುವುದಿದ್ದರೆ ಪ್ರಬಂಧ ಬಹಿರಂಗವಾಗುವ ಮೊದಲೇ ಹಾಕಿ, ಅದನ್ನು ಕೆಲಕಾಲ ಬಹಿರಂಗಪಡಿಸದಿರುವ ತಡೆ ಅವಧಿ ಬೇಕೆಂದು ಗ್ರಂಥಾಲಯಕ್ಕೆ ಲಿಖಿತವಾಗಿ ಕೇಳಿ.