ಅದು ಗ್ಯಾಸ್ ಆಗಿರಲಿಲ್ಲ

ಮಗಳೇ, ನನ್ನವ್ವ,

ಮೊನ್ನೆ ಫೋನಿನಲ್ಲಿ "ಎದೆ ಹಿಡಿದಂಗ ಆಗ್ತದ, ಟೆನ್ಶನ್ ಇರಬೇಕು ಬಿಡು" ಅಂದೆಯಲ್ಲ, ಆವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪ ಹೋದ ಹದಿನೆಂಟನೇ ದಿನ ನನಗಾಗಿದ್ದನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ರೂಢಿ ನೋಡು, ಇಬ್ಬರ ಲೆಕ್ಕಕ್ಕೇ ಹಿಟ್ಟು ನಾದಿದ್ದೆ, ಅದು ಗೊತ್ತಾಗಿದ್ದು ಆರನೇ ರೊಟ್ಟಿ ಹಂಚಿಗೆ ಹಾಕಿದಾಗ. ಆಗಲೇ ಎದೆ ಮೇಲೆ ಭತ್ತದ ಚೀಲ ಇಟ್ಟಂತಾಯಿತು. ದವಡೆ ನೋವು, ಬೆನ್ನು ನೋವು, ಬೆವರು, ವಾಕರಿಕೆ. ಪಕ್ಕದ ಮನೆ ಅಕ್ಕ ಅಜವಾನ ಕೊಟ್ಟಳು, ಸೋಡಾ ಕುಡಿದೆ. ಓಣಿಯ ದವಾಖಾನೆಯಲ್ಲಿ "ದುಃಖದಲ್ಲಿದ್ದೀರಿ, ಊಟ ಬಿಟ್ಟಿದ್ದೀರಿ, ಗ್ಯಾಸು" ಅಂತ ಗುಳಿಗೆ ಕೊಟ್ಟು ಕಳಿಸಿದರು, ಒಂದು ಇಸಿಜಿ ಕೂಡ ಮಾಡಲಿಲ್ಲ. ಸಂಜೆ ಉಸಿರಾಡೋದೇ ಕಷ್ಟವಾದಾಗ ನಿಮ್ಮ ಸೋದರಮಾವ ಗಂಗಾವತಿಯಿಂದ ಬಳ್ಳಾರಿಗೆ ಕಾರಿನಲ್ಲಿ ಹಾಕಿಕೊಂಡು ಓಡಿದ. (108ಕ್ಕೆ ಫೋನ್ ಮಾಡಬೇಕಿತ್ತು, ಆ ಗಾಬರಿಯಲ್ಲಿ ಯಾರಿಗೂ ತೋಚಲಿಲ್ಲ.)

ಇಸಿಜಿ ನೋಡಿದರೆ ಹಾರ್ಟ್ ಅಟ್ಯಾಕ್ ತರಾನೇ. ರಕ್ತದಲ್ಲಿ ಟ್ರೋಪೋನಿನ್ ಜಾಸ್ತಿ, ಹೃದಯಕ್ಕೆ ಪೆಟ್ಟಾದರೆ ರಕ್ತಕ್ಕೆ ಸೇರೋ ಪ್ರೋಟೀನಂತೆ ಅದು. ಆದರೆ ಆಂಜಿಯೋಗ್ರಾಮ್ ಮಾಡಿದರೆ ಹೃದಯದ ರಕ್ತನಾಳದಲ್ಲಿ ಒಂದೂ ಬ್ಲಾಕ್ ಇಲ್ಲ! ಡಾಕ್ಟರಮ್ಮ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದರು. ಹೃದಯದ ಎಡಗಡೆ ಕೋಣೆ ಕೆಳಗೆ ಉಬ್ಬಿದೆ, ಮೇಲೆ ಸಣ್ಣಗೆ, ಥೇಟ್ ನಮ್ಮ ಮಣ್ಣಿನ ಗಡಿಗೆ. ಜಪಾನಿನಲ್ಲಿ ಆಕ್ಟೋಪಸ್ ಹಿಡಿಯೋ ಗಡಿಗೆಗೆ ತಕೊತ್ಸುಬೊ ಅಂತಾರಂತೆ, 1990ರ ಸುಮಾರಿಗೆ ಅಲ್ಲಿನ ಡಾಕ್ಟರುಗಳು ಈ ಕಾಯಿಲೆಗೂ ಅದೇ ಹೆಸರಿಟ್ಟರಂತೆ. ದೊಡ್ಡ ಸಂಕಟ ಬಂದಾಗ ಅಡ್ರಿನಲಿನ್ ಅನ್ನೋ ಹಾರ್ಮೋನು ಒಮ್ಮೆಲೇ ನುಗ್ಗುತ್ತೆ, ಆ ಹೊಡೆತಕ್ಕೆ ಹೃದಯ ಹಿಂಡೋದನ್ನೇ ಮರೀತದೆ ಅಂದರು. ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಅದರಲ್ಲೂ ಮುಟ್ಟು ನಿಂತವರು. ಸತ್ತ ಮನೆಯಲ್ಲಿ "ನನ್ನೆದಿ ಒಡೀತವ್ವಾ" ಅಂತ ಅಳೋದನ್ನ ಎಷ್ಟು ಸಲ ಕೇಳಿದ್ದೇನೆ, ಬರೀ ಮಾತು ಅಂದುಕೊಂಡಿದ್ದೆ.

ನಾನು ಐದು ದಿನ ಅಲ್ಲೇ ಇದ್ದೆ. ಬಹಳ ಜನರಿಗೆ ಕೆಲವು ವಾರಗಳಲ್ಲಿ ಹೃದಯ ಮೊದಲಿನಂತಾಗುತ್ತೆ, ನನಗೂ ಆಯಿತು, ಹೃದಯದ ಸ್ಕ್ಯಾನ್, ಅದೇ ಎಕೋ, ಸರಿ ಬಂತು. ಆದರೆ ಮೊದಲ ದಿನಗಳಲ್ಲಿ ಶ್ವಾಸಕೋಶಕ್ಕೆ ನೀರು ತುಂಬಬಹುದು, ಬಡಿತ ತಪ್ಪಬಹುದು, ಹಾಗಾಗಿ ತಾನೇ ಹೋಗುತ್ತೆ ಅಂತ ಮನೆಯಲ್ಲಿ ಮಲಗೋ ಕಾಯಿಲೆ ಅಲ್ಲ ಅದು.

ನೀನಿನ್ನೂ ಮೂವತ್ತೆರಡರವಳು, ನಿನಗೂ ಅದೇ ಅಂತ ಹೆದರಿಸುತ್ತಿಲ್ಲ. ಸುಮ್ನೆ ಟೆನ್ಶನ್ನೇ ಇರಬಹುದು. ಆದರೆ ಗ್ಯಾಸೋ, ಟೆನ್ಶನ್ನೋ, ಹೃದಯವೋ ಅಂತ ಅಡುಗೆಮನೆಯಲ್ಲಿ ನಿಂತು ಹೇಳೋಕಾಗಲ್ಲ, ಅಲ್ವಾ? ನೀನು ಅಪ್ಪನ ಕಾರ್ಯ ಮುಗಿದ ಮರುದಿನವೇ ಲ್ಯಾಪ್‌ಟಾಪ್ ತೆಗೆದೆ, ಒಮ್ಮೆಯೂ ಬಾಯಿಬಿಟ್ಟು ಅಳಲಿಲ್ಲ. ಎಲ್ಲರೂ "ಗಟ್ಟಿ ಹುಡುಗಿ" ಅಂದರು. ನನಗೆ ಆ ಹೊಗಳಿಕೆ ಹಿಡಿಸಲಿಲ್ಲ.

ನಾಳೆಯೇ ಇಸಿಜಿ, ಬಿಪಿ ಮಾಡಿಸಿ ಫೋಟೋ ಕಳಿಸು. ನೋವು ಮತ್ತೆ ಬಂದರೆ ಮಾತ್ರ ನಾಳೆ ಅನ್ನಬೇಡ, ಆಗಲೇ 108.

ಗುರೆಳ್ಳು ಚಟ್ನಿಪುಡಿ ಕಳಿಸಿದ್ದೇನೆ. ರೊಟ್ಟಿ ಈಗಲೂ ಆರೇ ಬಡಿಯುತ್ತೇನೆ, ಮೂರು ಪಕ್ಕದ ಮನೆ ಅಕ್ಕನಿಗೆ.

ನಿನ್ನ ಅವ್ವ