ಕೊಲೆ ಕಥೆ ಕೇಳುವ ಹೆಂಗಸರನ್ನು ಬೈಯುವ ಮೊದಲು

ಮಾನ್ಯ ಸಂಪಾದಕರೇ,

ಮೊಬೈಲಿನಲ್ಲಿ ಕೊಲೆ ಕಥೆ ಕೇಳಿ ಗೃಹಿಣಿಯರ ಮನಸ್ಸು ಕೆಡುತ್ತಿದೆ ಎಂದು ಮರುಗಿ ಬರೆದ ಪತ್ರವನ್ನು ಕಳೆದ ವಾರ ಇದೇ ಅಂಕಣದಲ್ಲಿ ಓದಿದೆ. ಬರೆದವರು ಗಂಡಸರು. ಕೇಳುವವರ ಪೈಕಿ ಒಬ್ಬಳಾದ ನನಗೂ ನಾಲ್ಕು ಮಾತು ಹೇಳುವುದಿದೆ.

ಶಿರಸಿ ಸೀಮೆಯಲ್ಲಿ ಕೊನೆಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯಲು ಕುಳಿತರೆ ಏಳುವಾಗ ರಾತ್ರಿ ಹತ್ತು ದಾಟಿರುತ್ತದೆ. ಮೆಟ್ಟುಗತ್ತಿಯ ಮೇಲೆ ಕೈ ತಾನಾಗಿ ಓಡುತ್ತದೆ. ಗೋಣಿಚೀಲಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಯಾವುದೋ ಊರಿನ ಕೊಲೆಯ ಕಥೆ ಓಡುತ್ತದೆ. ನಮ್ಮ ಮಾತು ರಕ್ತದ ಸುತ್ತ ನಿಲ್ಲುವುದಿಲ್ಲ. ‘ಮೊದಲ ಸಲ ಹೊಡೆದಾಗಲೇ ತವರಿಗೆ ಬರಬಾರದಿತ್ತೇ?’ ಎಂದು ಒಬ್ಬಳು ಕೇಳಿದರೆ, ‘ಬಂದಿದ್ದರೆ ಇಟ್ಟುಕೊಳ್ಳುತ್ತಿದ್ದರೇ?’ ಎಂದು ಇನ್ನೊಬ್ಬಳು. ನೇರವಾಗಿ ಬಾಯಿಬಿಟ್ಟು ಹೇಳಲಾಗದ ಎಷ್ಟೋ ಸ್ವಂತ ಸಂಗತಿಗಳು ಆ ಸತ್ತವಳ ನೆಪದಲ್ಲಿ ಹೊರಬರುತ್ತವೆ.

ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇಂಥದ್ದೇ. ನಿಜ ಅಪರಾಧದ ಪುಸ್ತಕಗಳತ್ತ ಗಂಡಸರಿಗಿಂತ ಹೆಂಗಸರ ಒಲವು ಹೆಚ್ಚು. ಅದರಲ್ಲೂ ಕೊಲೆಗಾರನ ಕೈಯಿಂದ ತಪ್ಪಿಸಿಕೊಂಡ ಉಪಾಯ, ಅವನು ಹಾಗೇಕೆ ಮಾಡಿದ ಎಂಬ ವಿವರ ಇದ್ದರೆ ಇನ್ನೂ ಹೆಚ್ಚು. ನಾಳೆ ನನಗೇ ಹೀಗಾದರೆ ಎಂಬ ಭಯಕ್ಕೆ ತಯಾರಿ ಬೇಕಲ್ಲ!

ಕೆಟ್ಟದ್ದನ್ನು ನೋಡಿದರೆ ಕೆಡುವುದೇ ಆಗಿದ್ದರೆ ನಮ್ಮ ಜಿಲ್ಲೆ ಎಂದೋ ಕೆಡಬೇಕಿತ್ತು. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ಮೈಲಿಗಟ್ಟಲೆ ನಡೆದು ಹೋಗಿ ನಿದ್ದೆಗೆಟ್ಟ ಊರು ಇದು. ಸೈರಂಧ್ರಿಯ ಮೇಲೆ ಕಣ್ಣು ಹಾಕಿದ ಖಳನ ಶೃಂಗಾರಕ್ಕೇ ಚಪ್ಪಾಳೆ ಬೀಳುತ್ತಿತ್ತು. ಬೆಳಗಾಗುತ್ತಲೇ ಯಾರೂ ಕೀಚಕರಾಗಲಿಲ್ಲ.

ಆದರೆ ಸೈರಂಧ್ರಿಯ ತಾಯಿ ಪ್ರೇಕ್ಷಕರ ನಡುವೆ ಕುಳಿತಿರುತ್ತಿರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಸತ್ತ ಹುಡುಗಿಯ ಮದುವೆಯ ಫೋಟೊ ಕಿತ್ತು ತಂದು, ಮುಖಕ್ಕೆ ಕೆಂಪು ವೃತ್ತ ಎಳೆದು, ಹಿಂದೆ ಢಂ ಎಂದು ಸದ್ದು ಹಾಕಿ, ‘ಕೊನೆಯ ಕ್ಷಣ’ ಎಂದು ಮಾರುತ್ತಾರೆ. ಅವಳ ಮನೆಯವರ ಮೊಬೈಲಿಗೂ ಅದು ಬಂದೇ ಬರುತ್ತದೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಅಪರಾಧ. ಕೊಲೆಯಾದವಳ ಮಾನಕ್ಕೆ ಅಂಥ ಬೇಲಿಯೂ ಇಲ್ಲ.

ಕೇಳಿ ಕೇಳಿ ನಮ್ಮ ಭಯ ದಿಕ್ಕು ತಪ್ಪುವುದೂ ಉಂಟು, ಒಪ್ಪುತ್ತೇನೆ. ಹಿತ್ತಿಲ ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡುತ್ತೇವೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ಹೇಳುತ್ತವೆ. ಚಿಲಕ ಅದಕ್ಕೇನು ಮಾಡೀತು?

ದಕ್ಷಿಣ ಕನ್ನಡ ಜಿಲ್ಲೆಯ ಮೋಹನ್ ಕುಮಾರ್ ಪ್ರಕರಣವನ್ನೇ ನೋಡಿ. ಹೆಣ್ಣುಮಕ್ಕಳಿಗೆ ಸಯನೈಡ್ ವಿಷದ ಮಾತ್ರೆ ನುಂಗಿಸಿ ಕೊಂದು 2009ರಲ್ಲಿ ಸಿಕ್ಕಿಬಿದ್ದ ಈ ಮಾಜಿ ಶಿಕ್ಷಕನಿಗೆ ಪತ್ರಿಕೆಗಳು ‘ಸಯನೈಡ್’ ಎಂಬ ಬಿರುದನ್ನೇ ಕೊಟ್ಟವು. ಅವನ ಮಾತ್ರೆಯ ಕಥೆ ಎಲ್ಲರಿಗೂ ಬಾಯಿಪಾಠ. ವರದಕ್ಷಿಣೆ ಬೇಡ ಎಂಬ ಒಂದೇ ಮಾತಿಗೆ ಬಡ ಮನೆಯ ಹೆಣ್ಣುಮಕ್ಕಳು ಹೊರಟು ನಿಂತರಲ್ಲ, ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಿಕ್ಕ ಹೆಣಗಳು ಗುರುತಿಲ್ಲದ ಅಸಹಜ ಸಾವುಗಳಾಗಿ ಕಡತ ಸೇರಿದವಲ್ಲ, ಮರ್ಯಾದೆಗೆ ಅಂಜಿದ ಕೆಲವು ಮನೆಯವರು ಕಾಣೆಯಾದ ದೂರನ್ನೇ ಕೊಡಲಿಲ್ಲವಲ್ಲ, ಅದನ್ನು ಎಷ್ಟು ಜನ ಬಿಡಿಸಿ ಹೇಳಿದರು? ನಮಗೆ ಬೇಕಾದ ಕಥೆ ಅದು.

ಹಾಗಾಗಿ ತಮ್ಮಲ್ಲಿ ವಿನಂತಿ. ಕೊಲೆಯ ಸುದ್ದಿ ಹಾಕಬೇಡಿ ಎಂದು ನಾನು ಕೇಳುವುದಿಲ್ಲ. ಹಾಕಿದರೆ ಮೊದಲು ಓದುವವಳು ನಾನೇ. ಕತ್ತಿಯ ಉದ್ದ ಬರೆಯುವ ಜಾಗದಲ್ಲಿ ಅವಳು ಹಿಂದೆ ದೂರು ಕೊಟ್ಟಿದ್ದಳೇ, ಠಾಣೆಯವರು ಏನು ಮಾಡಿದರು ಎಂದು ಬರೆಯಿರಿ. ವರ್ಷ ಕಳೆದ ಮೇಲೆ ಪ್ರಕರಣ ಎಲ್ಲಿಗೆ ಬಂತೆಂದು ತಿಳಿಸಿ. ಸುದ್ದಿಯ ಕೆಳಗೆ ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112 ಎಂದು ಅಚ್ಚುಹಾಕಿ. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು ಎಂಬುದನ್ನೂ ಸೇರಿಸಿ. ನಮ್ಮ ಅಡಿಕೆ ಸುಲಿಯುವ ಗುಂಪಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

– ಓದುಗಳೊಬ್ಬಳು, ಶಿರಸಿ ತಾಲ್ಲೂಕು